ತಿಳಿನೀರಿನಲ್ಲಿ ಕಾಣದ ಕೊಳೆ

ಹೊಸದಾಗಿ ಕೊಂಡ ಮೆತ್ತನೆಯ ಪ್ಲಾಸ್ಟಿಕ್ ಪೈಪು ಬಳ್ಳಿಯಂತೆ ಬಾಗುತ್ತದೆ. ಕೆಲವು ವರ್ಷ ಕಳೆದ ಮೇಲೆ ಅದೇ ಪೈಪು ಬಿರುಸಾಗಿ ಸೀಳುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಹೊಲಗಳಲ್ಲಿ ಇದನ್ನು ಕಾಣದವರಿಲ್ಲ. ಬಿಸಿಲಿನ ಹೊಡೆತ ಇದಕ್ಕೊಂದು ಕಾರಣ. ಪೈಪಿನೊಳಗಿನ ಒಂದು ದ್ರವ್ಯ ಹೊರಟುಹೋಗುವುದು ಇನ್ನೊಂದು. ಅದು ಯಾವುದು, ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವು ಈಗ ನೋಡೋಣ.

ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಸ್ವಭಾವತಃ ಗಡುಸಾದುದು. ಅದರ ನೀಳವಾದ ಅಣುಸರಪಣಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಅವುಗಳ ನಡುವೆ ಎಣ್ಣೆಯಂತಹ ದ್ರವವನ್ನು ಬೆರೆಸಿದರೆ ಸರಪಣಿಗಳು ಸುಲಭವಾಗಿ ಜರುಗಿ ವಸ್ತು ಮೆತ್ತಗಾಗುತ್ತದೆ. ಈ ದ್ರವಕ್ಕೆ ಪ್ಲಾಸ್ಟಿಸೈಜರ್ ಎಂದು ಹೆಸರು. ನಾವು ಮೃದುಕಾರಿ ಎನ್ನೋಣ. ಥ್ಯಾಲೇಟುಗಳು ಇವುಗಳಲ್ಲಿ ಮುಖ್ಯವಾದವು. ಮೆತ್ತನೆಯ ಪಿ.ವಿ.ಸಿ.ಯ ತೂಕದಲ್ಲಿ ನೂರಕ್ಕೆ 30-40ರಷ್ಟು ಮೃದುಕಾರಿಯೇ ಇರುವುದುಂಟು. ಆದರೆ ಅದು ಸರಪಣಿಯೊಡನೆ ರಾಸಾಯನಿಕವಾಗಿ ಕೂಡಿರುವುದಿಲ್ಲ. ಚರ್ಮದ ಮಿಣಿಗೆ ಸವರಿದ ಎಣ್ಣೆಯಂತೆ ಕಾಲಕ್ರಮದಲ್ಲಿ ಹೊರಬೀಳುತ್ತದೆ. ನೆಲಹಾಸು, ಮಳೆಯಂಗಿ ಮುಂತಾದವುಗಳಿಂದ ಹೊರಬಿದ್ದ ಅಂಶ ತೊಳೆದ ನೀರಿನೊಡನೆ ನಗರದ ಚರಂಡಿಯನ್ನು ಸೇರುತ್ತದೆ.

ಈ ಚರಂಡಿಯ ನೀರೇ ಶುದ್ಧಿಗೊಂಡು ಕೆರೆಗಳಿಗೆ ಬರುವ ಕಾಲವಿದು. ನಮ್ಮ ನಾಡಿನಲ್ಲಿ ಕೋಲಾರ ಇದಕ್ಕೆ ನಿದರ್ಶನ. ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರುಗಳಷ್ಟು ಅಲ್ಲಿನ ಬತ್ತಿದ ಕೆರೆಗಳಿಗೆ ಹರಿಸಲು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯನ್ನು ಕೈಗೊಳ್ಳಲಾಯಿತು. 2018ರ ಜೂನ್ ತಿಂಗಳಲ್ಲಿ ನೀರು ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ಜುಲೈನಲ್ಲಿ ಅಲ್ಲಿ ನೊರೆ ಕಾಣಿಸಿಕೊಂಡು ವಿಷಯ ನ್ಯಾಯಾಲಯಕ್ಕೆ ಹೋಯಿತು. ನೊರೆ ಕಣ್ಣಿಗೆ ಬೀಳುತ್ತದೆ. ಮೃದುಕಾರಿಯ ಅಲ್ಪಾಂಶ ಬೀಳುವುದಿಲ್ಲ.

ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಗಳು ಥ್ಯಾಲೇಟುಗಳ ಬಹುಭಾಗವನ್ನು ಒಡೆಯುತ್ತವೆ. ಡಿ.ಇ.ಹೆಚ್.ಪಿ.ಯಂತಹ ದೊಡ್ಡ ಅಣುಗಳು ನೀರಿನಲ್ಲಿ ಕರಗದೆ ಗಸಿಗೆ ಅಂಟಿಕೊಳ್ಳುತ್ತವೆ. ಉಳಿದ ಅಂಶ ಕೆರೆಗೆ ಬರುತ್ತದೆ. ಆಮ್ಲಜನಕವುಳ್ಳ ಮೇಲ್ನೀರಿನಲ್ಲಿ ಅದು ಬೇಗನೆ ಒಡೆದರೂ ಆಮ್ಲಜನಕವಿಲ್ಲದ ತಳದ ಕೆಸರಿನಲ್ಲಿ ಬಹುಕಾಲ ಉಳಿಯುತ್ತದೆ. ಮೇಲಾಗಿ, ಒಡೆದಷ್ಟನ್ನು ಮರುದಿನದ ಹರಿವು ತುಂಬಿಕೊಡುತ್ತದೆ. ಆದುದರಿಂದ ಕೆಸರಿನ ಹುಳುಗಳೂ ಮೀನುಗಳೂ ಸದಾ ಇದರ ಸಂಪರ್ಕದಲ್ಲಿರುತ್ತವೆ. ಕೆಲವು ಥ್ಯಾಲೇಟುಗಳು ಮೀನಿನ ಹಾರ್ಮೋನುಗಳನ್ನು ಏರುಪೇರು ಮಾಡಿ ಸಂತಾನಶಕ್ತಿಯನ್ನು ಕುಗ್ಗಿಸಬಲ್ಲವೆಂದು ಪ್ರಯೋಗಗಳು ತೋರಿಸಿವೆ.

ಎರಡು ಅಂಕಿಗಳನ್ನು ವಾಚಕರು ಹೋಲಿಸಿ ನೋಡಬೇಕು. ಕುಡಿಯುವ ನೀರಿನಲ್ಲಿ ಡಿ.ಇ.ಹೆಚ್.ಪಿ.ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 8 ಮೈಕ್ರೋಗ್ರಾಂ. ನದಿ, ಕೆರೆಗಳ ನೀರಿಗೆ ಐರೋಪ್ಯ ಒಕ್ಕೂಟ 2008ರಲ್ಲಿ ವಿಧಿಸಿದ ವಾರ್ಷಿಕ ಸರಾಸರಿ ಮಿತಿ 1.3 ಮೈಕ್ರೋಗ್ರಾಂ. ನಾವು ಕುಡಿಯಬಹುದಾದ ನೀರು ಕೂಡ ಅದರಲ್ಲಿಯೇ ಹುಟ್ಟಿ ಬಾಳುವ ಜೀವಿಗೆ ಸಾಲದೆಹೋಗಬಹುದು ಎಂಬುದು ಇದರ ತಾತ್ಪರ್ಯ. ಶುದ್ಧೀಕರಿಸಿದ ನೀರನ್ನು ಕುರಿತು ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಾದರೋ ಆಮ್ಲ-ಕ್ಷಾರ ಗುಣ, ಜೈವಿಕ ಆಮ್ಲಜನಕ ಬೇಡಿಕೆ, ತೇಲುವ ಕಣಗಳು, ಮಲಜನ್ಯ ಬ್ಯಾಕ್ಟೀರಿಯ ಇವಿಷ್ಟಕ್ಕೇ ಮಿತಿಗಳಿದ್ದವು, ಥ್ಯಾಲೇಟಿನ ಹೆಸರಿರಲಿಲ್ಲ.

ಹಾಗಾದರೆ ಈ ನೀರೇ ಬೇಡವೆನ್ನಬೇಕೆ? ಬಾವಿಗಳು ಬತ್ತಿದ ಬಯಲುಸೀಮೆಯಲ್ಲಿ ಹಾಗೆನ್ನುವುದು ಸಾಧ್ಯವಿಲ್ಲ. ಕೆರೆಗೆ ಬಿಡುವ ಮುನ್ನ ನೀರನ್ನು ಸಕ್ರಿಯ ಇಂಗಾಲದ ಮೂಲಕ ಸೋಸಿದರೆ ಇಂತಹ ಅಣುಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಸುರಪುರದ ಬಳಿಯ ಬೋನಾಳ ಕೆರೆಗೆ ಬರುವ ಹಕ್ಕಿಗಳಲ್ಲಿ ಹಲವು ಆಹಾರವನ್ನು ಅರಸುವುದು ಕೆಸರಿನಲ್ಲಿಯೇ. ನಮ್ಮ ಪಟ್ಟಣಗಳೂ ಬೆಳೆದು, ಅವುಗಳ ಬಳಸಿದ ನೀರನ್ನು ಸುತ್ತಲಿನ ಕೆರೆಗಳಿಗೆ ತಿರುಗಿಸುವ ದಿನ ಬಂದರೆ, ನೀರು ತಿಳಿಯಾಗಿದೆಯೆಂದು ತೃಪ್ತರಾಗದೆ ತಳದ ಕೆಸರನ್ನೂ ಪರೀಕ್ಷಿಸುವ ಏರ್ಪಾಡು ಮೊದಲೇ ಆಗಿರಬೇಕು.