ದೂರದ ಓಟಗಾರರೇ, ಯಾವ ನೀರು ಕುಡಿಯುತ್ತೀರಿ?

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ನಮ್ಮ ಭಾಗದವರಿಗೆಲ್ಲ ಗೊತ್ತಿದೆ. ಹಂಪಿ ನಡೆದು ನೋಡುವಂಥದ್ದು, ಕನಕಾಚಲಪತಿ ದೇವಸ್ಥಾನ ನಿಂತು ನೋಡುವಂಥದ್ದು. ಆದರೆ ಈಚಿನ ವರ್ಷಗಳಲ್ಲಿ ಕನಕಗಿರಿಯಲ್ಲೂ ಕಾಲಿಗೆ ಕೆಲಸ ಬಂದಿದೆ. ಬೆಳಗಿನ ಐದು ಗಂಟೆಗೆ ಗಂಗಾವತಿ ರಸ್ತೆಗೆ ಹೋದರೆ ಓಡುವವರು ಕಾಣುತ್ತಾರೆ. ಮೊದಲು ಹೀಗೆ ಓಡುತ್ತಿದ್ದವರು ಪೊಲೀಸ್ ಅಥವಾ ಸೇನೆಯ ನೇಮಕಾತಿಗೆ 1600 ಮೀಟರ್ ಅಭ್ಯಾಸ ಮಾಡುವ ಹುಡುಗರು ಮಾತ್ರ. ಈಗ ಅವರ ಹಿಂದೆ ಮೂವತ್ತೈದು, ನಲವತ್ತು ದಾಟಿದ ಶಿಕ್ಷಕರು, ಬ್ಯಾಂಕಿನವರು, ಗೊಬ್ಬರದ ಅಂಗಡಿಯವರು ಇರುತ್ತಾರೆ. ಯಾವ ನೌಕರಿಗೂ ಅಲ್ಲ, ಹವ್ಯಾಸಕ್ಕಾಗಿ ಓಡುವವರು. ವರ್ಷಕ್ಕೊಮ್ಮೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಅಲ್ಲಿಯ ಓಟದಲ್ಲಿ ಭಾಗವಹಿಸಿ, ಕೊರಳಿಗೆ ಒಂದು ಪದಕ ಹಾಕಿಕೊಂಡು ಬರುತ್ತಾರೆ.

ದೂರದ ಓಟವೆಂದರೆ ಎಷ್ಟು ದೂರ? ಅರ್ಧ ಮ್ಯಾರಥಾನ್ 21 ಕಿಲೋಮೀಟರಿಗೆ ತುಸು ಹೆಚ್ಚು. ಹೆಚ್ಚುಕಡಿಮೆ ಕನಕಗಿರಿಯಿಂದ ಗಂಗಾವತಿ. ಪೂರ್ಣ ಮ್ಯಾರಥಾನ್ 42.195 ಕಿಲೋಮೀಟರ್; ಗಂಗಾವತಿಗೆ ಹೋಗಿ ಮತ್ತೆ ಕನಕಗಿರಿಗೆ ಬಂದಂತೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಈ ದೂರವೇ ಮುಂದೆ ಕಾಯಂ ಆಯಿತು. ಅದಕ್ಕೂ ಮೇಲೆ ಓಡುವವರಿದ್ದಾರೆ. ಬೆಂಗಳೂರಿನ ಉಲ್ಲಾಸ್ ನಾರಾಯಣ ಅವರು 2018ರಲ್ಲಿ ತೈಪೆಯಲ್ಲಿ ನಡೆದ ಏಷ್ಯಾ ಮಟ್ಟದ ಸ್ಪರ್ಧೆಯಲ್ಲಿ 24 ಗಂಟೆಗಳಲ್ಲಿ 250 ಕಿಲೋಮೀಟರ್ ಓಡಿ ಕಂಚು ಗೆದ್ದರು. ಮನುಷ್ಯನ ದೇಹ ಇಂಥದ್ದಕ್ಕೆ ಒಗ್ಗುತ್ತದೆ, ಒಗ್ಗಿಸಿಕೊಂಡರೆ.

ಹೀಗೆ ಓಡುವವರ ಮನೆಯವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೃದಯದ್ದು. "ಡಾಕ್ಟರೇ, ಓಡ್ತಾ ಓಡ್ತಾ ಏನಾದರೂ ಆದರೆ?" ಪತ್ರಿಕೆಯಲ್ಲಿ ಅಂಥ ಒಂದು ಸುದ್ದಿ ಬಂದರೆ ಮರುದಿನ ಹತ್ತು ಮನೆಗಳಲ್ಲಿ ಓಟ ನಿಲ್ಲುತ್ತದೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಪೂರ್ಣ ಮತ್ತು ಅರ್ಧ ಮ್ಯಾರಥಾನ್ ಓಡಿದ 1 ಕೋಟಿ 9 ಲಕ್ಷ ಓಟಗಾರರ ಲೆಕ್ಕವನ್ನು ವೈದ್ಯರು ತೆಗೆದು 2012ರಲ್ಲಿ ಪ್ರಕಟಿಸಿದರು. ಅಷ್ಟು ಜನರಲ್ಲಿ ಹೃದಯ ಸ್ತಂಭನವಾದದ್ದು 59 ಮಂದಿಗೆ, ಸುಮಾರು 1 ಲಕ್ಷ 84 ಸಾವಿರ ಮಂದಿಗೆ ಒಬ್ಬರಂತೆ. ಅವರಲ್ಲಿ 42 ಮಂದಿ ತೀರಿಕೊಂಡರು, ಹೆಚ್ಚಿನವರು ಗಂಡಸರು. ಅಪಾಯ ಇಲ್ಲವೆಂದಲ್ಲ, ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಬೀಡಿ ಸಿಗರೇಟು ಸೇದುವವರು, ತಂದೆ ಅಥವಾ ಅಣ್ಣತಮ್ಮಂದಿರು ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದಿಂದ ಹೋದ ಮನೆಯವರು ತರಬೇತಿ ಆರಂಭಿಸುವ ಮುಂಚೆ ವೈದ್ಯರನ್ನು ಕಾಣಲೇಬೇಕು. ಓಡುವಾಗ ಎದೆ ಬಿಗಿದರೆ ಅಥವಾ ಕಣ್ಣು ಕತ್ತಲೆ ಬಂದರೆ ಅಂದಿಗೆ ಓಟ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು. ಇಷ್ಟು ಮಾಡಿದ ಮೇಲೆ ಹೃದಯದ ಚಿಂತೆಯನ್ನು ಬದಿಗಿಡಿ. ನಮ್ಮ ಭಾಗದ ಓಟಗಾರರ ಬಗ್ಗೆ ನನಗಿರುವ ಚಿಂತೆ ಬೇರೆ. ಅದು ನೀರಿನದು.

ಬೆವರಿನ ಲೆಕ್ಕ

ಕೊಪ್ಪಳ ಜಿಲ್ಲೆಯ ಬೇಸಿಗೆಯನ್ನು ನಾನು ಬಣ್ಣಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಓಡುವ ದೇಹ ಒಂದು ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೆ ಬೆವರು ಸುರಿಸಬಲ್ಲದು. ಯಾರಿಗೆ ಎಷ್ಟು ಎಂದು ತಿಳಿಯಲು ದೊಡ್ಡ ಪರೀಕ್ಷೆ ಬೇಡ. ಓಡುವ ಮೊದಲು ಮೂತ್ರ ಮಾಡಿ ತೂಕ ನೋಡಿಕೊಳ್ಳಿ. ಒಂದು ಗಂಟೆ ಓಡಿ ಬಂದು ಬೆವರು ಒರೆಸಿ ಮತ್ತೆ ತೂಗಿಕೊಳ್ಳಿ. ಒಂದು ಕಿಲೋ ಕಡಿಮೆಯಾಗಿದ್ದರೆ ಒಂದು ಲೀಟರ್ ಹೋಗಿದೆ ಎಂದರ್ಥ. ನಡುವೆ ಕುಡಿದದ್ದಿದ್ದರೆ ಅದನ್ನೂ ಕೂಡಿಸಿ. ಅರವತ್ತು ಕಿಲೋ ತೂಕದವರಲ್ಲಿ ಒಂದು ಕಿಲೋಗೂ ಮೀರಿ ಇಳಿದರೆ ನೀರು ಸಾಲಲಿಲ್ಲ ಎಂದು ತಿಳಿಯಬೇಕು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ, ಮತ್ತು ಓದಿಕೊಂಡವರೇ ಅದನ್ನು ಹೆಚ್ಚು ಮಾಡುತ್ತಾರೆ. ನೀರು ಒಳ್ಳೆಯದೆಂದು ಓಟದುದ್ದಕ್ಕೂ ಬಾಯಾರಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ಕುಡಿಯುವುದು. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು. ಬೆವರಿನಲ್ಲಿ ಉಪ್ಪು ಹೋಗುತ್ತದೆ, ಮೇಲಿಂದ ಬರಿಯ ನೀರು ತುಂಬಿದರೆ ಉಳಿದ ಉಪ್ಪೂ ತೆಳುವಾಗುತ್ತದೆ. ತಲೆನೋವು, ವಾಂತಿ, ಬೆರಳು ಊದಿ ಉಂಗುರ ಬಿಗಿಯಾಗುವುದು, ಕೊನೆಗೆ ಗೊಂದಲ ಮತ್ತು ಫಿಟ್ಸ್ ಇದರ ಲಕ್ಷಣ. ಓಡಿ ಬಂದ ಮೇಲೆ ತೂಕ ಮೊದಲಿಗಿಂತ ಹೆಚ್ಚಾಗಿದ್ದರೆ ನೀವು ಅತಿಯಾಗಿ ಕುಡಿದಿದ್ದೀರಿ. ಆದ್ದರಿಂದ ಬಾಯಾರಿಕೆಯ ಮಾತು ಕೇಳಿ. ಒಂದು ಗಂಟೆ ಮೀರಿದ ಓಟಕ್ಕೆ ಬರಿ ನೀರಿನ ಬದಲು ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಶರಬತ್ತು ಅಥವಾ ಔಷಧಿ ಅಂಗಡಿಯ ಓ.ಆರ್.ಎಸ್. ಪುಡಿಯ ನೀರು ಸಾಕು. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಬೇಕು. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯ ಪೇಯವನ್ನು ಯಾವ ಕಂಪನಿಯೂ ತಯಾರಿಸಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೇಸಿಗೆ ಶುರುವಾದಾಗ ದೇಹ ಬಿಸಿಲಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಎರಡು ವಾರ ಓಟದ ದೂರವನ್ನೂ ವೇಗವನ್ನೂ ತಗ್ಗಿಸಿ. ಸೂರ್ಯ ಏರುವ ಮುಂಚೆ ಮನೆ ಸೇರಿ. ಜ್ವರ, ಭೇದಿ ಇದ್ದ ದಿನ ಓಡಲೇಬೇಡಿ. ಓಡುತ್ತಿದ್ದವನು ತಡವರಿಸಿ ಮಾತನಾಡಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಸುಮ್ಮನೆ ಸಿಟ್ಟಾದರೆ, ಅದು ಉಷ್ಣಾಘಾತವಿರಬಹುದು. ದೇಹದೊಳಗಿನ ಶಾಖ 40 ಡಿಗ್ರಿ ಮೀರಿರಬಹುದು. ಮೈ ಬೆವರಿನಿಂದ ಒದ್ದೆಯಾಗಿದ್ದರೂ ಇದು ಆಗುತ್ತದೆ. ಅಂಥ ಹೊತ್ತಿನಲ್ಲಿ ಮೊದಲ ಕೆಲಸ ತಂಪು ಮಾಡುವುದು, ಎರಡನೆಯದು ಆಸ್ಪತ್ರೆಗೆ ಒಯ್ಯುವುದು. ಹತ್ತಿರದ ಹೊಲದ ಪಂಪ್‌ಸೆಟ್ಟಿನ ಕೆಳಗೆ ಕೂರಿಸಿ, ಇಲ್ಲವೇ ನೀರಿನ ತೊಟ್ಟಿಯಲ್ಲಿ ತಲೆ ಮೇಲಿರುವಂತೆ ಹಿಡಿದು ಕತ್ತಿನವರೆಗೆ ಇಳಿಸಿ. ಅದೂ ಇಲ್ಲವಾದರೆ ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸುತ್ತ ಮೇಲಿಂದ ಮೇಲೆ ನೀರು ಸುರಿಯಿರಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೊದಲ ಅರ್ಧ ಗಂಟೆಯಲ್ಲಿ ತಂಪು ಮಾಡಿದವರು ಬಹುತೇಕ ಬದುಕುತ್ತಾರೆ. 108ಕ್ಕೆ ಫೋನ್ ಮಾಡಿ, ಆದರೆ ಆಂಬುಲೆನ್ಸ್ ಬರಲಿ ಎಂದು ಕೈಕಟ್ಟಿ ಕೂರಬೇಡಿ.

ಬೋರ್‌ವೆಲ್ ನೀರಿನ ಗುಟ್ಟು

ಇನ್ನು ನಮ್ಮ ಭಾಗದ ವಿಶೇಷ ಸಂಗತಿ. ಹೊರಗಿನ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ತಾಲ್ಲೂಕುಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಗಂಗಾವತಿಯ ಕಾಲುವೆ ಬಯಲಿನವರಿಗೆ ಇದರ ಅರಿವು ಕಡಿಮೆ. ಬೋರ್‌ವೆಲ್ ನಂಬಿದ ಒಣಭೂಮಿಯವರಿಗೆ ಇದು ದಿನನಿತ್ಯದ ಪಾಡು. ಭಾರತದ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಂ ಗರಿಷ್ಠ.

ಈ ಮಿತಿಗಳು ಸಾಧಾರಣ ಮನುಷ್ಯ ಕುಡಿಯುವ ನೀರನ್ನು ಲೆಕ್ಕ ಹಿಡಿದು ಹಾಕಿದವು. ಓಟಗಾರ ಸಾಧಾರಣ ಮನುಷ್ಯನಲ್ಲ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದವರ ಹೊಟ್ಟೆಗೆ 6 ಮಿಲಿಗ್ರಾಂ ಹೋದರೆ, ಬೇಸಿಗೆಯಲ್ಲಿ ತರಬೇತಿ ಮಾಡಿ ಐದು ಲೀಟರ್ ಕುಡಿದವರಿಗೆ 15 ಮಿಲಿಗ್ರಾಂ ಹೋಗುತ್ತದೆ. ಆರೋಗ್ಯಕ್ಕೆಂದು ಓಡಿ, ಓಡಿದ್ದಕ್ಕೆಂದು ಕುಡಿದ ನೀರೇ ವರ್ಷಾನುಗಟ್ಟಲೆ ಮೂಳೆಯಲ್ಲಿ ಸೇರುತ್ತ ಹೋಗುತ್ತದೆ. ಹೊಲದಲ್ಲಿ ದುಡಿಯುವ ರೈತ, ಕೂಲಿಯವರ ಕಥೆಯೂ ಇದೇ.

ನಮ್ಮ ದೇಶದಲ್ಲಿ ಫ್ಲೋರೋಸಿಸ್ ಗುರುತಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ. ಬಾಲ್ಯದಲ್ಲಿ ಈ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತದೆ. ದೊಡ್ಡವರಾದ ಮೇಲೆ ಕುಡಿದರೆ ಹಲ್ಲು ಏನೂ ಹೇಳುವುದಿಲ್ಲ. ಮೂಳೆ, ಕೀಲುಗಳು ಮಾತ್ರ ನಿಧಾನವಾಗಿ ಬಿಗಿಯುತ್ತವೆ. ಕುತ್ತಿಗೆ, ಸೊಂಟ, ಮೊಣಕಾಲಿನ ನೋವು. ಬೆಳಿಗ್ಗೆ ಎದ್ದಾಗ ಬಗ್ಗಲು ಕಷ್ಟ. ಓಟಗಾರನಿಗೆ ಇವೆಲ್ಲ ಓಟದ ನೋವೆಂದೇ ಅನ್ನಿಸುತ್ತದೆ.

ಕುಷ್ಟಗಿ ಕಡೆಯ, ನಲವತ್ತರ ಆಸುಪಾಸಿನ ಓಟಗಾರರೊಬ್ಬರು ನನ್ನ ಬಳಿ ಬಂದಿದ್ದರು. ಸೊಂಟನೋವಿಗೆಂದು ವರ್ಷದಲ್ಲಿ ಎರಡು ಸಲ ಬೂಟು ಬದಲಿಸಿದ್ದರು, ಕಂಡಕಂಡ ಎಣ್ಣೆ ತಿಕ್ಕಿಸಿದ್ದರು. ಕುಡಿಯುವ ನೀರು ಎಲ್ಲಿಯದು ಎಂದು ಕೇಳಿದ್ದಕ್ಕೆ ತಮ್ಮ ಹೊಲದ ಬೋರ್‌ವೆಲ್‌ನದು, ಬಲು ರುಚಿ ಎಂದರು. ಮುಂಗೈಯ ಎಕ್ಸ್‌ರೇ ತೆಗೆಸಿದಾಗ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದ್ದು ಸ್ಪಷ್ಟವಾಗಿತ್ತು. ಸೊಂಟದ ನೋವಿಗೆ ಕೈಯ ಎಕ್ಸ್‌ರೇ ಏಕೆ ಎಂದು ಅವರು ಆಶ್ಚರ್ಯಪಟ್ಟಿದ್ದರು. ಈ ರೋಗ ತನ್ನ ಗುರುತು ಬಿಡುವ ಜಾಗವೇ ಅದು. ಕಟ್ಟಿದ ಸುಣ್ಣ ಕರಗುವುದಿಲ್ಲ. ನೀರು ಬದಲಿಸಿದ ಮೇಲೆ ನೋವು ಕಡಿಮೆಯಾಗಿದೆ. ಈಗಲೂ ಓಡುತ್ತಾರೆ, ಹತ್ತು ಕಿಲೋಮೀಟರ್ ಮೀರುವುದಿಲ್ಲ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ತಿಳಿಯುವ ರುಚಿಯೂ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸುವುದು, ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಇದಕ್ಕೆ ನಿರುಪಯೋಗಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು, ಅಥವಾ ಮನೆಯ ಆರ್.ಓ. ಯಂತ್ರದ ನೀರು ಬೇಕು, ಯಂತ್ರದ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ ಮಾತ್ರ. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಕುದಿಸಿ ಕುಡಿಯಿರಿ. ನಿಮ್ಮ ಬೋರ್‌ವೆಲ್ ನೀರಿನ ಬಗ್ಗೆ ಸಂಶಯವಿದ್ದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಓಡುವಾಗ ದಾರಿಬದಿಯ ಪಂಪ್‌ಸೆಟ್ಟಿನ ನೀರಿನಲ್ಲಿ ಮುಖ ತೊಳೆಯಿರಿ, ತಲೆ ತೋಯಿಸಿಕೊಳ್ಳಿ. ಕುಡಿಯುವುದಕ್ಕೆ ಮಾತ್ರ ಮನೆಯಿಂದ ಬಾಟಲಿ ಒಯ್ಯಿರಿ.

ಊಟ, ನಿದ್ದೆ, ಮಾತ್ರೆ

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಮೊಸರು ತಿನ್ನುವ ಮನೆಯವರಿಗೆ ಡಬ್ಬಿಯ ಪುಡಿಗಳು ಬೇಡ. ಫ್ಲೋರೈಡ್ ಇರುವ ಊರಿನಲ್ಲಿ ಹಾಲು, ಮಜ್ಜಿಗೆ, ಎಳ್ಳು ಹೆಚ್ಚಾಗಿರಲಿ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡನ್ನು ಸ್ವಲ್ಪ ಮಟ್ಟಿಗೆ ತಡೆಹಿಡಿಯುತ್ತದೆ. ಓಡಿ ಬಂದವರು ನೇರ ಒಗ್ಗರಣಿ ಮಿರ್ಚಿಯ ಗಾಡಿಗೆ ಹೋಗುವುದನ್ನು ನೋಡಿದ್ದೇನೆ. ಭಾನುವಾರಕ್ಕೊಮ್ಮೆ ಹೋಗಲಿ ಬಿಡಿ.

ಹೆಣ್ಣುಮಕ್ಕಳು ಓಡಲು ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಏದುಸಿರು, ಬೇಗ ಸುಸ್ತು ಬರುವುದು ಅಭ್ಯಾಸ ಸಾಲದ್ದರಿಂದ ಎಂದುಕೊಳ್ಳುವ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಊಟದ ಹಿಂದೆಯೇ ಚಹಾ ಕುಡಿಯುವುದನ್ನು ಬಿಟ್ಟು, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ. ಓಟ ಹೆಚ್ಚಿಸಿದ ಮೇಲೆ ಮುಟ್ಟು ಮೂರು ತಿಂಗಳು ನಿಂತರೆ ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ. ಗರ್ಭ ಇಲ್ಲವೆಂದು ಖಚಿತವಾದರೆ, ಹೊಟ್ಟೆಗೆ ಸಾಲುವಷ್ಟು ತಿನ್ನುತ್ತಿಲ್ಲ ಎಂಬುದೇ ಸಾಮಾನ್ಯವಾಗಿ ಅದರ ಕಾರಣ, ಮತ್ತು ಅದರಿಂದ ಮೂಳೆ ಸವೆಯುತ್ತದೆ.

ಹವ್ಯಾಸಿ ಓಟಗಾರನಿಗೂ ವೃತ್ತಿಪರ ಓಟಗಾರನಿಗೂ ಇರುವ ದೊಡ್ಡ ವ್ಯತ್ಯಾಸ ಕಾಲಿನಲ್ಲಿಲ್ಲ, ಮಧ್ಯಾಹ್ನದ ನಿದ್ದೆಯಲ್ಲಿದೆ. ವೃತ್ತಿಪರ ಓಡಿ ಬಂದು ಮಲಗುತ್ತಾನೆ. ನಮ್ಮವರು ಓಡಿ ಬಂದು ಶಾಲೆಗೆ, ಕಚೇರಿಗೆ ಓಡುತ್ತಾರೆ. ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡಿ ನಾಲ್ಕೂವರೆಗೆ ಏಳುವುದು ತರಬೇತಿಯಲ್ಲ. ಹಿಂದಿನ ರಾತ್ರಿ ಮದುವೆಗೋ ಜಾತ್ರೆಗೋ ನಿದ್ದೆಗೆಟ್ಟಿದ್ದರೆ ಅಂದು ಓಟ ಬಿಡಿ. ನಿಮಗಿಂತ ಮೊದಲೆದ್ದು ಚಹಾ ಕಾಯಿಸುವವರ ನಿದ್ದೆಯೂ ಲೆಕ್ಕಕ್ಕಿದೆ.

ಕೊನೆಗೆ ಮಾತ್ರೆಯ ವಿಷಯ. ಓಟದ ಹಿಂದಿನ ದಿನ ಔಷಧಿ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ಕೊಂಡು ನೋವು ಬರುವ ಮುಂಚೆಯೇ ನುಂಗುವ ಪದ್ಧತಿ ಹಬ್ಬುತ್ತಿದೆ. ಬೆವರು ಸುರಿದು ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಗಳಿಗೆ ರಕ್ತ ಹರಿಯುವುದೇ ಕಡಿಮೆ. ಈ ಮಾತ್ರೆಗಳು ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ಓಟದ ದಿನವಂತೂ ಇವು ಬೇಡವೇ ಬೇಡ. ದೂರದ ಓಟ ಮುಗಿಸಿ ರಾತ್ರಿ ರೈಲಿನಲ್ಲಿ ಊರಿಗೆ ಮರಳುವವರು ಮಲಗುವ ಮೊದಲು ಒಮ್ಮೆ ಮೂತ್ರದ ಬಣ್ಣ ಗಮನಿಸಿ. ಗಾಢ ಹಳದಿಯಾದರೆ ಇನ್ನಷ್ಟು ದ್ರವ ಬೇಕು. ಹಾಲಿಲ್ಲದ ಚಹಾದಂತೆ ಕಂದು ಬಣ್ಣಕ್ಕೆ ತಿರುಗಿ, ತೊಡೆಯ ಸ್ನಾಯುಗಳು ಮುಟ್ಟಲಾಗದಷ್ಟು ನೋಯುತ್ತಿದ್ದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಎಂದರ್ಥ. ಆಗ ಮನೆಗೆ ಹೋಗಿ ನೋಡೋಣ ಎನ್ನದೆ ಮೊದಲು ಸಿಗುವ ದೊಡ್ಡ ಊರಿನಲ್ಲಿ ಇಳಿದು ಆಸ್ಪತ್ರೆ ಸೇರಿ, ಎಷ್ಟು ಕಿಲೋಮೀಟರ್ ಓಡಿದಿರಿ ಮತ್ತು ಯಾವ ಮಾತ್ರೆ ನುಂಗಿದಿರಿ ಎಂಬುದನ್ನು ಅಲ್ಲಿಯ ವೈದ್ಯರಿಗೆ ಮೊದಲೇ ಹೇಳಿ.