ನೀರಿದ್ದರೂ ತೊಗರಿ ಒಣಗುವುದು ಯಾಕೆ?

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರ ಸಿಗುತ್ತದೆ. ಇಲ್ಲಿನ ಕೆಂಪು ಬಾಳೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು. ಸುತ್ತಮುತ್ತ ಎಲ್ಲಿ ನೋಡಿದ್ರೂ ತೊಗರಿ ಹೊಲ. ಇವತ್ತಿನ ಮಾತು ಈ ಎರಡು ಬೆಳೆಗಳನ್ನು ಇಟ್ಟುಕೊಂಡೇ.

2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಂದು ದೊಡ್ಡ ನಷ್ಟ ಆಯ್ತು. ಭೂಮಿಯಲ್ಲಿ ಹಸಿ ಇದ್ದರೂ ಗಿಡ ನಿಂತಲ್ಲೇ ಒಣಗಿತು. ಹ್ಯಾಂಗ? ಇದು ತಿಳಿಯಬೇಕಂದ್ರೆ, ಗಿಡಗಳು ನೆಲದ ಮೇಲೆ ಹೇಗೆ ಬದುಕುತ್ತವೆ ಅನ್ನೋದನ್ನ ಮೊದಲು ನೋಡಬೇಕು.

ಗಿಡಗಳ ಪೂರ್ವಜರು ನೀರಿನಲ್ಲಿದ್ದ ಹಸಿರು ಪಾಚಿಗಳು. ಅಲ್ಲಿ ಬಾಯಾರಿಕೆ ಇಲ್ಲ, ಮೈತುಂಬಾ ನೀರು. ಸುಮಾರು 47 ಕೋಟಿ ವರ್ಷಗಳ ಹಿಂದೆ ನೆಲಕ್ಕೆ ಬಂದಾಗ ಫಜೀತಿ ಶುರುವಾಯ್ತು: ನೀರು ಕೆಳಗೆ ಮಣ್ಣಲ್ಲಿ, ಬೆಳಕು ಮೇಲೆ. ಬಿಸಿಲಿಗೆ ಒಣಗದಂತೆ ಎಲೆಯ ಮೇಲೆ ಮೇಣದಂಥ ಪದರ ಬಂತು. ಗಾಳಿ ಒಳಗೆ ಬರಲು ತೆರೆದು ಮುಚ್ಚುವ ಸಣ್ಣ ರಂಧ್ರಗಳು ಬಂದವು. ಮುಂದೆ, ಬೇರಿನಿಂದ ಎಲೆಯ ತನಕ ನೀರು ಸಾಗಿಸುವ ನಾಳಗಳೂ ಬೆಳೆದವು.

ಈ ನಾಳಕ್ಕೆ ಮೋಟಾರು ಇಲ್ಲ ನೋಡ್ರಿ. ಎಲೆಯಿಂದ ನೀರು ಆವಿಯಾದಂತೆ ಕೆಳಗಿನ ನೀರು ಮೇಲಕ್ಕೆ ಎಳೆದುಕೊಳ್ಳುತ್ತದೆ. ಎಳನೀರಿಗೆ ಕೊಳವೆ ಹಾಕಿ ಹೀರಿದ ಹಾಗೆ.

ಈಗ ಬಾಳೆ ತಗೊಳ್ಳಿ. ನಾವು ಕಾಂಡ ಅನ್ನೋದು ನಿಜವಾಗಿ ಕಾಂಡವಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಯ ಬುಡಗಳು. ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ. ಎಲೆ ಅಗಲ, ಆದ್ದರಿಂದ ನೀರು ಬಹಳ ಆವಿಯಾಗುತ್ತದೆ. ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುತ್ತವೆ. ಅದಕ್ಕೇ ಬಾಳೆತೋಟಕ್ಕೆ ಮೇಲಿಂದ ಮೇಲೆ ನೀರು ಬೇಕು.

ತೊಗರಿಯದು ಬೇರೆ ದಾರಿ. ಅದರ ತಾಯಿಬೇರು ಎರಡು ಮೀಟರ್‌ವರೆಗೂ ಇಳಿಯಬಲ್ಲದು. ಮಳೆಗಾಲ ಮುಗಿದ ಮೇಲೂ ಎರೆಭೂಮಿ ಹಿಡಿದಿಟ್ಟ ತೇವದಲ್ಲೇ ಹೂ ಬಿಟ್ಟು ಕಾಯಿ ಕಟ್ಟುತ್ತದೆ.

ನೆಟೆ ರೋಗ ಪೆಟ್ಟು ಕೊಡೋದು ಇದೇ ವ್ಯವಸ್ಥೆಗೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳನುಗ್ಗಿ ನೀರಿನ ನಾಳಗಳಲ್ಲೇ ಬೆಳೆಯುತ್ತದೆ. ಅದನ್ನು ತಡೆಯಲು ಗಿಡವೂ ನಾಳದೊಳಗೆ ಅಡ್ಡಗಟ್ಟುತ್ತದೆ. ಎರಡೂ ಸೇರಿ ದಾರಿ ಮುಚ್ಚಿತು ಅಂದ್ರೆ ಕಾಲ ಬುಡದಲ್ಲಿ ನೀರಿದ್ದರೂ ಎಲೆಗೆ ಮುಟ್ಟಂಗಿಲ್ಲ. ಒಣಗಿದ ಗಿಡದ ಕಾಂಡ ಸೀಳಿ ನೋಡಿದರೆ ಒಳಗೆ ಕಂದು-ಕಪ್ಪು ಗೆರೆಗಳು ಕಾಣುತ್ತವೆ.

ಹಾಗಾಗಿ ಒಣಗುತ್ತಿದೆ ಅಂತ ನೀರು ಬಿಟ್ಟರೆ ಉಪಯೋಗ ಇಲ್ಲ. ಶಿಲೀಂಧ್ರ ಹಳೆಯ ಬೇರು, ಕೂಳೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಹೊಲಕ್ಕೆ ಪ್ರತಿವರ್ಷ ತೊಗರಿ ಬಿತ್ತಿದರೆ ಅದಕ್ಕೆ ಹಬ್ಬ. ಜೋಳದಂಥ ಬೆಳೆಯೊಂದಿಗೆ ಬದಲಾಯಿಸಿ ಬಿತ್ತುವುದು, ರೋಗ ತಡೆದುಕೊಳ್ಳುವ ತಳಿ, ಟ್ರೈಕೋಡರ್ಮದಿಂದ ಬೀಜೋಪಚಾರ: ಇವೆಲ್ಲ ಬಿತ್ತುವ ಮೊದಲೇ ಆಗಬೇಕಾದ ಕೆಲಸ.

ಹಿರಿಯರು ತೊಗರಿ ಜೊತೆ ಜೋಳದ ಸಾಲು ಹಾಕುತ್ತಿದ್ದದ್ದು ಬರೀ ರೊಟ್ಟಿಗಾಗಿ ಇರಬಹುದು. ಆದರೆ ಆ ಸಾಲು ತೊಗರಿಯ ನೀರಿನ ದಾರಿಯನ್ನೂ ಕಾಯುತ್ತಿತ್ತು.