ಹಳೆಯ ಜಿಪ್ಸಿ ಕೊಳ್ಳುವ ಮುನ್ನ ಅಡಿಗೆ ಬಗ್ಗಿ ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಒಳದಾರಿಗಳಲ್ಲಿ ನೆಲಕ್ಕಂಟಿದಂತೆ ಓಡುವ ಸ್ಪೋರ್ಟ್ಸ್ ಕಾರಿಗೆ ಕೆಲಸವಿಲ್ಲ. ಡಾಂಬರು ಬಿಟ್ಟು ತೋಟದ ಮನೆಯತ್ತ ತಿರುಗಿದರೆ ಎದುರಾಗುವುದು ಕೆಸರು, ಏರು ಮತ್ತು ಹಳ್ಳ. ವೇಗದ ಮೋಹ ಹಾಗೂ ದುಡಿಮೆಯ ಅಗತ್ಯ ಎರಡಕ್ಕೂ ಇಲ್ಲಿ ಒದಗಿಬಂದದ್ದು ಮಾರುತಿ ಜಿಪ್ಸಿ. 1985ರಲ್ಲಿ ಮಾರುಕಟ್ಟೆಗೆ ಬಂದು, ದಶಕಗಳ ಕಾಲ ದೇಶದ ರ‍್ಯಾಲಿಗಳಲ್ಲೂ ಹೆಸರು ಮಾಡಿದ ಈ ವಾಹನದ ಖಾಸಗಿ ಮಾರಾಟ 2019ರ ಹೊತ್ತಿಗೆ ನಿಂತುಹೋಯಿತು. ಹಾಗಾಗಿ ಈಗ ಜಿಪ್ಸಿ ಬೇಕೆಂದವರು ಹಳೆಯದನ್ನೇ ಹುಡುಕಬೇಕು.

ಖರೀದಿದಾರರು ಸಾಮಾನ್ಯವಾಗಿ ಮೊದಲು ಎಂಜಿನ್ ಸದ್ದು ಕೇಳುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು. ತುಕ್ಕು ತಿಂದ ಚಾಸಿಗೆ ಮಾಡಿಸುವ ದುರಸ್ತಿ ಬಹುತೇಕ ತೇಪೆಯೇ. ತೀರ್ಥಹಳ್ಳಿ ತಾಲೂಕಿನ ಆಗುಂಬೆ, ಹೊಸನಗರ ತಾಲೂಕಿನ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ತಾಣಗಳು. ವರ್ಷದಲ್ಲಿ ನಾಲ್ಕೈದು ತಿಂಗಳು ಇಲ್ಲಿ ವಾಹನದ ಅಡಿಭಾಗ ಒಣಗುವುದೇ ಇಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಗಾಡಿಯಾದರೆ ಅದರ ಮೇಲೆ ಉಪ್ಪುಗಾಳಿಯ ಕಾಟವೂ ಆಗಿರುತ್ತದೆ.

ಆದುದರಿಂದ ಒಂದು ಟಾರ್ಚು, ಚಿಕ್ಕ ಸುತ್ತಿಗೆ ಮತ್ತು ಅಯಸ್ಕಾಂತ ಹಿಡಿದು ಹೋಗಿ. ಚಾಸಿಯ ಉದ್ದಕ್ಕೂ, ವಿಶೇಷವಾಗಿ ಲೀಫ್ ಸ್ಪ್ರಿಂಗ್ ಜೋಡಿಸಿದ ಕಡೆ, ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ಸವೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಅಯಸ್ಕಾಂತ ಹಿಡಿಯದ ಜಾಗದಲ್ಲಿ ತಗಡಿನ ಬದಲು ಪುಟ್ಟಿ ಕುಳಿತಿದೆ ಎಂದರ್ಥ. ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡಬೇಡಿ, ಅನುಮಾನಿಸಿ. ಸಾಧ್ಯವಾದರೆ ಜುಲೈ ತಿಂಗಳಲ್ಲೇ ನೋಡಿ. ಬೇಸಿಗೆಯಲ್ಲಿ ಎಲ್ಲ ಜಿಪ್ಸಿಗಳೂ ಚೆನ್ನಾಗಿಯೇ ಕಾಣುತ್ತವೆ!

ಅನಂತರ ನಾಲ್ಕು ಚಕ್ರದ ಚಾಲನೆ. ಇದನ್ನು ಒಣಗಿದ ಡಾಂಬರಿನ ಮೇಲೆ ಪರೀಕ್ಷಿಸಬಾರದು. ಮುಂದಿನ, ಹಿಂದಿನ ಚಕ್ರಗಳು ತಿರುವಿನಲ್ಲಿ ಒಂದಕ್ಕೊಂದು ಜಗ್ಗಾಡಿ ಗೇರಿಗೆ ಪೆಟ್ಟಾಗುತ್ತದೆ. ಒದ್ದೆ ಮಣ್ಣಿನ ಏರಿನಲ್ಲಿ ಲೋ ರೇಂಜ್ ಹಾಕಿ ಹತ್ತಿಸಿ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟೊಡನೆ ಲಿವರ್ ತಾನೇ ಹಿಂದೆ ಜಿಗಿದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಹುಲಿಕಲ್ ಘಾಟಿಯ ಇಳಿಜಾರಿನಲ್ಲಿ ಹಾಗಾದರೆ ಗತಿಯೇನು ಎಂದು ಯೋಚಿಸಿ. ಅರವತ್ತರ ವೇಗದ ಆಸುಪಾಸಿನಲ್ಲಿ ಸ್ಟೇರಿಂಗ್ ನಡುಗಿದರೆ ಮುಂದಿನ ಆಕ್ಸಲ್ಲಿನ ಕಿಂಗ್‌ಪಿನ್ ಬೇರಿಂಗುಗಳನ್ನು ನೋಡಿಸಿ.

1996ರ ಜಿಪ್ಸಿ ಕಿಂಗ್‌ನಲ್ಲಿ 1.3 ಲೀಟರ್ ಎಂಜಿನ್ ಬಂತು. 2000ದ ಸುಮಾರಿಗೆ ಕಾರ್ಬುರೇಟರ್ ಹೋಗಿ ಇಂಧನ ಇಂಜೆಕ್ಷನ್ ಬಂತು. ಆಯ್ಕೆಯಿದ್ದರೆ ಎರಡನೆಯದೇ ಲೇಸು. ಪೆಟ್ರೋಲ್ ಖರ್ಚಿಗೆ ಹೆದರಿ ಕೆಲವರು ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ. ನೋಂದಣಿ ಪುಸ್ತಕದಲ್ಲಿ ಅದು ನಮೂದಾಗದಿದ್ದರೆ ಆ ಗಾಡಿಯ ಗೊಡವೆಯೇ ಬೇಡ. ಕಂಪನಿಯ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅಪಘಾತವಾದಾಗ ವಿಮಾ ಕಂಪನಿ ಮೊದಲು ಹುಡುಕುವುದೂ ಇಂಥ ಲೋಪವನ್ನೇ.

ಚಾಸಿ ಮೇಲೆ ಕೊರೆದ ಸಂಖ್ಯೆಯನ್ನು ಪುಸ್ತಕದೊಂದಿಗೆ ನೀವೇ ಹೋಲಿಸಿ. 15 ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಕೇಂದ್ರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ದೆಹಲಿಯಂಥ ಕಡೆಯಿಂದ ಅಗ್ಗಕ್ಕೆ ಬರುವ ಗಾಡಿಗಳ ತುಕ್ಕು ಕಡಿಮೆ, ನಿಜ. ಆದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಕೈಗೆ ಬರದೆ, ಕರ್ನಾಟಕದ ತೆರಿಗೆ ಎಷ್ಟೆಂದು ಸಾಗರ ಅಥವಾ ಶಿವಮೊಗ್ಗದ ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ.